ಪಕ್ಕದ ಸೀಟಿನವರು ಎಷ್ಟು ಕೊಟ್ಟರು?

ನ್ಯೂಯಾರ್ಕಿನಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ಒಂದು ವಿಷಯ ನನ್ನ ತಲೆಯಿಂದ ಹೋಗುತ್ತಲೇ ಇರಲಿಲ್ಲ. ಆ ಊರಿನ ದೊಡ್ಡ ವೃತ್ತಿ ನಾಟಕಗಳ ಕೇಂದ್ರವಾದ ಬ್ರಾಡ್‌ವೇ ಥಿಯೇಟರಿನಲ್ಲಿ ಒಂದೇ ಸಾಲಿನಲ್ಲಿ ಕೂತವರನ್ನು ಟಿಕೆಟಿಗೆ ಎಷ್ಟು ಕೊಟ್ಟಿರಿ ಅಂತ ಕೇಳಿ ನೋಡಿ, ಒಬ್ಬೊಬ್ಬರದು ಒಂದೊಂದು ಉತ್ತರ. ಒಬ್ಬರು ತಿಂಗಳುಗಳ ಮುಂಚೆಯೇ ಪೂರ್ತಿ ಬೆಲೆ ಕೊಟ್ಟು ತೆಗೆದುಕೊಂಡಿರುತ್ತಾರೆ. ಅವರ ಪಕ್ಕದವರು ಅವತ್ತೇ ಮಧ್ಯಾಹ್ನ ಅರ್ಧ ಬೆಲೆಗೆ ಕೊಂಡಿರುತ್ತಾರೆ. ಆಚೆ ಕಡೆ ಕೂತ ಕಾಲೇಜು ಹುಡುಗಿ ಬೆಳಿಗ್ಗೆ ಬಾಕ್ಸ್ ಆಫೀಸ್, ಅಂದರೆ ಥಿಯೇಟರಿನದೇ ಟಿಕೆಟ್ ಕಿಟಕಿ, ತೆಗೆಯುವ ಮುಂಚೆ ಬಂದು ನಿಂತು, ಅದಕ್ಕಿಂತಲೂ ಕಡಿಮೆಗೆ ಗಿಟ್ಟಿಸಿರುತ್ತಾಳೆ. ಇನ್ಯಾರಿಗೋ ಪುಕ್ಕಟೆಯಾಗಿ ಬಂದಿರುತ್ತದೆ. ನಾಟಕ ಮಾತ್ರ ಎಲ್ಲರಿಗೂ ಒಂದೇ. ಅದೇ ಊರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರು, ಅಲ್ಲೇ ಹುಟ್ಟಿ ಬೆಳೆದವರು, "ಬ್ರಾಡ್‌ವೇ ನಮ್ಮಂಥವರಿಗಲ್ಲ ಬಿಡಿ, ಟಿಕೆಟ್ ಮುಟ್ಟೋಕಾಗಲ್ಲ" ಅನ್ನುತ್ತಿದ್ದರು. ವಾರದ ಮಧ್ಯೆ ಹೋದರೆ ಅದೇ ಥಿಯೇಟರುಗಳಲ್ಲಿ ಹಿಂದಿನ ಸಾಲುಗಳು ಖಾಲಿ ಇರುತ್ತಿದ್ದವು. ನೋಡಬೇಕು ಅನ್ನುವವರು ಹೊರಗೆ, ಸೀಟು ಒಳಗೆ ಖಾಲಿ. ಇದು ಹೇಗೆ ಸಾಧ್ಯ ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಆಮೇಲಾಮೇಲೆ ಒಂದು ವಿಷಯ ಅರ್ಥವಾಯಿತು. ಕಡಿಮೆ ಬೆಲೆಯ ಟಿಕೆಟ್ ಕೊಡುವವರು ದುಡ್ಡಿನ ಬದಲು ನಮ್ಮಿಂದ ಬೇರೆ ಏನನ್ನೋ ಕೇಳುತ್ತಾರೆ. ಕೆಲವರು ಸಮಯ ಕೇಳುತ್ತಾರೆ. ಕೆಲವರಿಗೆ ನಮ್ಮ ಕಾಲಿನ ಶಕ್ತಿ ಬೇಕು. ಇನ್ನು ಕೆಲವರು "ಸಿಕ್ಕಿದರೆ ಸಿಕ್ಕಿತು" ಅನ್ನುವ ಮನಸ್ಸಿದ್ದರೆ ಬಾ ಅನ್ನುತ್ತಾರೆ. ಯಾರ ಹತ್ತಿರ ಇದರಲ್ಲಿ ಏನಿದೆ ಅನ್ನುವುದರ ಮೇಲೆ ಯಾರು ಒಳಗೆ ಬರುತ್ತಾರೆ ಅನ್ನುವುದು ತೀರ್ಮಾನವಾಗುತ್ತದೆ.

ಪರದೆ ಎದ್ದ ಮೇಲೆ

ಸಂತೆ ಮುಗಿಯುವ ಹೊತ್ತಿಗೆ ಸೊಪ್ಪಿನ ಬೆಲೆ ಇಳಿಯುತ್ತದೆ, ಆದರೂ ಉಳಿದ ಸೊಪ್ಪನ್ನು ಮನೆಗಾದರೂ ತೆಗೆದುಕೊಂಡು ಹೋಗಬಹುದು. ನಾಟಕದ ಸೀಟಿಗೆ ಆ ಭಾಗ್ಯವೂ ಇಲ್ಲ. ಎಂಟು ಗಂಟೆಗೆ ಪರದೆ ಎದ್ದರೆ ಎಂಟೂ ಐದಕ್ಕೆ ಆ ಖಾಲಿ ಸೀಟಿಗೆ ಬೆಲೆಯೇ ಇಲ್ಲ. ಮುನ್ನೂರು ಜನ ಬರಲಿ, ಸಾವಿರ ಜನ ಬರಲಿ, ಅವತ್ತಿನ ಖರ್ಚು ಹೆಚ್ಚು ಕಡಿಮೆ ಅಷ್ಟೇ. ನಟರು ಅಷ್ಟೇ, ವಾದ್ಯದವರು ಅಷ್ಟೇ, ಬೆಳಕಿನವರು ಅಷ್ಟೇ. ಬ್ರಾಡ್‌ವೇಯಲ್ಲಿ ವಾರಕ್ಕೆ ಸಾಮಾನ್ಯವಾಗಿ ಎಂಟು ಪ್ರದರ್ಶನ. ಎಂಟು ಸಲವೂ ಆ ಖರ್ಚು ಬಂದೇ ಬರುತ್ತದೆ.

ನಾಟಕಕ್ಕೆ ಯಾಕಿಷ್ಟು ಖರ್ಚು ಅನ್ನುವುದಕ್ಕೆ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಉತ್ತರ ಕೊಟ್ಟಿದ್ದರು. ಕಾರ್ಖಾನೆಯಲ್ಲಿ ಯಂತ್ರ ಬಂದು, ಹತ್ತು ಜನರ ಕೆಲಸ ಇಬ್ಬರಿಂದ ಆಗುತ್ತದೆ, ಉಳಿದವರ ಕೂಲಿ ಏರುತ್ತದೆ. ನಾಟಕದಲ್ಲಿ ಹಾಗೆ ಮಾಡಲು ಬರುವುದಿಲ್ಲ. ನಾನೂರು ವರ್ಷದ ಹಿಂದೆ ಒಂದು ನಾಟಕಕ್ಕೆ ಎಷ್ಟು ಜನ, ಎಷ್ಟು ಗಂಟೆ ಬೇಕಿತ್ತೋ ಇವತ್ತೂ ಅಷ್ಟೇ ಬೇಕು. ಆದರೆ ನಟರೂ ಇವತ್ತಿನ ಬಾಡಿಗೆ ಕಟ್ಟಬೇಕಲ್ವಾ? ಹಾಗಾಗಿ ಟಿಕೆಟಿನ ಬೆಲೆ ಏರುತ್ತಲೇ ಹೋಗುತ್ತದೆ. ಇದು ಯಾರದ್ದೋ ದುರಾಸೆಯಿಂದ ಮಾತ್ರ ಆದದ್ದಲ್ಲ. ದುರಾಸೆಯ ಮಾತಿಗೆ ಆಮೇಲೆ ಬರುತ್ತೇನೆ.

ಹಾಗಾದರೆ ಉಳಿದ ಸೀಟನ್ನು ಸಂಜೆ ಸೋವಿಯಾಗಿ ಮಾರಿಬಿಟ್ಟರೆ ಆಯಿತಲ್ಲ? ಅಲ್ಲೇ ತೊಡಕಿರುವುದು. ಕೊನೇ ಗಳಿಗೆಯಲ್ಲಿ ಖಂಡಿತ ಅರ್ಧಕ್ಕೆ ಸಿಗುತ್ತದೆ ಅಂತ ಗೊತ್ತಾದರೆ ಪೂರ್ತಿ ಬೆಲೆ ಕೊಡುವವರು ಯಾರು? ಅದಕ್ಕೇ ನಿರ್ಮಾಪಕರು ಬೆಲೆ ಇಳಿಸುತ್ತಾರೆ, ಆದರೆ ಅದು ಕೈಗೆ ಸಿಗುವ ದಾರಿಯಲ್ಲಿ ಬೇಕೆಂದೇ ಸ್ವಲ್ಪ ಕಷ್ಟ ಇಡುತ್ತಾರೆ. ಬಂದು ಸಾಲಿನಲ್ಲಿ ನಿಲ್ಲಬೇಕು. ಇವತ್ತಿನ ಆಟಕ್ಕೆ ಇವತ್ತೇ ಕೊಳ್ಳಬೇಕು. ಯಾವ ಸೀಟು ಅಂತ ಆರಿಸುವ ಹಾಗಿಲ್ಲ. ಹೊಸ ನಾಟಕದ ಮೊದಲ ವಾರಗಳಲ್ಲಿ ಥಿಯೇಟರ್ ತುಂಬಿದಂತೆ ಕಾಣಲಿ ಅಂತ ಸದ್ದಿಲ್ಲದೆ ಪುಕ್ಕಟೆ ಟಿಕೆಟ್ ಹಂಚುವುದೂ ಉಂಟು. ಅಂಥ ಟಿಕೆಟ್ ಸಿಕ್ಕವರಿಗೆ ಒಳಗೆ ಯಾರ ಹತ್ತಿರವೂ ಈ ವಿಷಯ ಹೇಳಬೇಡಿ ಅಂತಲೂ ಹೇಳಿರುತ್ತಾರೆ. ಪಕ್ಕದವರು ನೂರೈವತ್ತು ಡಾಲರ್ ಕೊಟ್ಟಿರಬಹುದು ನೋಡಿ.

ಕೆಂಪು ಮೆಟ್ಟಿಲ ಕೆಳಗೆ

ಟೈಮ್ಸ್ ಸ್ಕ್ವೇರಿನ ಉತ್ತರದ ತುದಿಯಲ್ಲಿ ಡಫಿ ಸ್ಕ್ವೇರ್ ಅಂತ ಒಂದು ಜಾಗ ಇದೆ. ಕೆಂಪು ಗಾಜಿನ ದೊಡ್ಡ ಮೆಟ್ಟಿಲುಗಳ ಮೇಲೆ ಪ್ರವಾಸಿಗಳು ಕೂತು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ಆ ಮೆಟ್ಟಿಲು ಕಟ್ಟಿದ್ದು 2008ರಲ್ಲಿ. ಅದರ ಅಡಿಯಲ್ಲಿರುವ ಟಿಕೆಟ್ ಕಿಟಕಿಗಳು ಮಾತ್ರ ಅದಕ್ಕಿಂತ ತುಂಬಾ ಹಳೆಯ ಸಂಪ್ರದಾಯ. ಟಿ.ಕೆ.ಟಿ.ಎಸ್. ಅನ್ನುವ ಈ ಕಟ್ಟೆ ಶುರುವಾಗಿದ್ದು 1973ರಲ್ಲಿ. ನಡೆಸುತ್ತಿರುವುದು ಥಿಯೇಟರ್ ಡೆವಲಪ್‌ಮೆಂಟ್ ಫಂಡ್ ಅನ್ನುವ, ಲಾಭಕ್ಕಾಗಿ ಅಲ್ಲದ ಸಂಸ್ಥೆ. ಅದು ಹುಟ್ಟಿದ್ದು 1968ರಲ್ಲಿ. ಉಳಿದ ಸೀಟುಗಳನ್ನು ಅವತ್ತಿನ ಆಟಕ್ಕೆ ಶೇಕಡ 20ರಿಂದ 50ರವರೆಗೆ ಕಡಿಮೆ ಮಾಡಿ ಮಾರುತ್ತಾರೆ.

ಒಂದು ಚಳಿಗಾಲದ ಮಧ್ಯಾಹ್ನ ಆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಎಪ್ಪತ್ತು ದಾಟಿರಬಹುದು. ಕೈಯಲ್ಲಿ ಒಂದು ಪುಟ್ಟ ನೋಟ್ ಪುಸ್ತಕ. ಅದರಲ್ಲಿ ಪೆನ್ಸಿಲಿನಲ್ಲಿ ನಾಟಕಗಳ ಹೆಸರು, ಪ್ರತಿಯೊಂದರ ಮುಂದೆ ಒಂದು ಗುರುತು. ನೋಡಿ ಆಗಿದ್ದಕ್ಕೆ ಅಡ್ಡಗೆರೆ, ಬೇಗ ಮುಚ್ಚುವಂಥದ್ದಕ್ಕೆ ಚುಕ್ಕಿ. ನಮ್ಮ ಮೇಲಿದ್ದ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಹೆಸರುಗಳು ಬರುತ್ತಿದ್ದವು, 30, 40, 50 ಅಂತ ಅಂಕಿಗಳು. ನಾನು ಬೋರ್ಡ್ ನೋಡುತ್ತಾ ನಿಂತಿದ್ದೆ. ಅವರು ಬೋರ್ಡ್ ಕಡೆ ಹೆಚ್ಚು ನೋಡಲೇ ಇಲ್ಲ. "ಅದರಲ್ಲಿ ಇಲ್ಲದ್ದು ಇಲ್ಲ ಅಂತಲ್ಲ, ಹೊಸ ಸೀಟುಗಳು ಸಂಜೆವರೆಗೂ ಬರುತ್ತಾ ಇರುತ್ತವೆ" ಅಂದರು. ನಟರಿಗೆ, ಅತಿಥಿಗಳಿಗೆ ಅಂತ ಹಿಡಿದಿಟ್ಟ ಒಳ್ಳೆಯ ಸೀಟುಗಳನ್ನು ಆಟಕ್ಕೆ ಮುಂಚೆ ಬಿಟ್ಟುಕೊಡುತ್ತಾರಂತೆ. ಹಾಗಾಗಿ ಸಂಜೆ ತಡವಾಗಿ ಬಂದವರಿಗೆ ಕೆಲವು ಸಲ ಮುಂದಿನ ಸಾಲೇ ಸಿಗುತ್ತದೆ, ಕೆಲವು ಸಲ ಏನೂ ಸಿಗುವುದಿಲ್ಲ. ಅವರಿಗೆ ಎರಡೂ ಸರಿಯೇ. ಸಿಗದಿದ್ದರೆ ಪುಸ್ತಕದಲ್ಲಿ ಮುಂದಿನ ಹೆಸರು.

ಮಾತಿಗೆ ಮಾತು ಬೆಳೆಯಿತು. ಹಾಡು ಕುಣಿತ ಇಲ್ಲದ ನಾಟಕ ಮಾತ್ರ ಬೇಕಿದ್ದರೆ ಅದಕ್ಕೆ ಬೇರೆ ಕಿಟಕಿ ಇದೆ, ಅಲ್ಲಿ ಸಾಲು ತುಂಬಾ ಚಿಕ್ಕದು ಅಂತ ತೋರಿಸಿದರು. ಇವತ್ತಿನ ಟಿಕೆಟ್ ಎಸೆಯಬೇಡ, ಏಳು ದಿನದೊಳಗೆ ಮತ್ತೆ ಬಂದು ಅದನ್ನು ತೋರಿಸಿದರೆ ಸಾಲಿನಲ್ಲಿ ನಿಲ್ಲದೆ ನೇರ ಕಿಟಕಿಗೆ ಹೋಗಬಹುದು ಅಂದರು. ಶಿಕ್ಷಕರು, ವಿದ್ಯಾರ್ಥಿಗಳು, ನಿವೃತ್ತರು, ಸರ್ಕಾರಿ ನೌಕರರು ಇಂಥವರಿಗೆ ಅದೇ ಸಂಸ್ಥೆಯ ಸದಸ್ಯತ್ವ ಇದೆ, ವರ್ಷಕ್ಕೆ ಸ್ವಲ್ಪ ಕಟ್ಟಿದರೆ ಮನೆಯಲ್ಲೇ ಕೂತು ಇನ್ನೂ ಕಡಿಮೆಗೆ ಕೊಳ್ಳಬಹುದು ಅಂತಲೂ ಹೇಳಿದರು. ಅವರು ಅದರ ಹಳೇ ಸದಸ್ಯೆ. ಮತ್ತೆ ಈ ಚಳಿಯಲ್ಲಿ ಯಾಕೆ ಬಂದಿರಿ ಅಂತ ಕೇಳಿದೆ. ಅವರಿಗೆ ಬೇಕಾದ ನಾಟಕ ಆ ಪಟ್ಟಿಯಲ್ಲಿ ಬಂದಿರಲಿಲ್ಲವಂತೆ, ಭಾನುವಾರ ಅದು ಮುಚ್ಚುತ್ತಿತ್ತಂತೆ. ಅವರ ಸರದಿ ಬಂತು. ಕಿಟಕಿಯ ಹುಡುಗ ಎರಡು ಸೀಟು ಹೇಳಿದ. ಯಾವ ಕಡೆ, ಎಷ್ಟನೇ ಸಾಲು ಅಂತ ಕೇಳಿ, ಒಂದು ಕ್ಷಣ ಕಣ್ಣು ಮುಚ್ಚಿ ಆ ಥಿಯೇಟರನ್ನು ನೆನಪು ಮಾಡಿಕೊಂಡು, "ಎಡಗಡೆಯದು ಕೊಡಿ, ಬಲಗಡೆ ಬಾಗಿಲು ತೆಗೆದಾಗಲೆಲ್ಲ ಬೆಳಕು ಬೀಳುತ್ತೆ" ಅಂದರು. ಊರಿನ ಥಿಯೇಟರುಗಳು ಅವರಿಗೆ ಅಷ್ಟು ಪರಿಚಯ.

ಅವರನ್ನು ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ಪಿಂಚಣಿಯಲ್ಲಿ ಬದುಕುವ ಒಬ್ಬ ಟೀಚರ್ ಊರಿನ ಬಹುಪಾಲು ನಾಟಕ ನೋಡುತ್ತಾರೆ ಅಂದರೆ ಆ ಕಟ್ಟೆ ತನ್ನ ಕೆಲಸ ಮಾಡಿದೆ. ಆದರೆ ಮನೆಗೆ ಹೋಗುವಾಗ ಇನ್ನೊಂದು ಯೋಚನೆಯೂ ಬಂತು. ಅವರ ಹತ್ತಿರ ಮಧ್ಯಾಹ್ನ ಇದೆ. ನನ್ನ ಆಫೀಸ್ ಕಟ್ಟಡದ ಕಾವಲಿನವರ ಹತ್ತಿರ ಮಧ್ಯಾಹ್ನ ಇಲ್ಲ. ಮನೆಯಲ್ಲಿ ಚಿಕ್ಕ ಮಗುವನ್ನು ಬಿಟ್ಟು ಬರುವವರು ಮಗುವನ್ನು ನೋಡಿಕೊಳ್ಳುವವರನ್ನು ಮುಂಚೆಯೇ ಗೊತ್ತು ಮಾಡಬೇಕು. "ಸಂಜೆ ಸಿಕ್ಕಿದರೆ ನೋಡುತ್ತೇನೆ" ಅನ್ನಲು ಅವರಿಗೆ ಸಾಧ್ಯವಿಲ್ಲ.

ಸಾಲು ಮತ್ತು ಲಾಟರಿ

ಸಾಲಿನಲ್ಲಿ ನಿಲ್ಲಲು ಯಾರಿಗೆ ಸಮಯ ಇದೆ ಅನ್ನುವ ಈ ಮಾತಿಗೆ ಬ್ರಾಡ್‌ವೇಯಲ್ಲೇ ಒಂದು ಹಳೇ ಉದಾಹರಣೆ ಇದೆ. 1996ರಲ್ಲಿ 'ರೆಂಟ್' ಅನ್ನುವ ಮ್ಯೂಸಿಕಲ್ (ಹಾಡು ಕುಣಿತದ ನಾಟಕ) ಬಂದಾಗ ಮೊದಲ ಎರಡು ಸಾಲುಗಳನ್ನು ಅವತ್ತಿನ ದಿನ 20 ಡಾಲರಿಗೆ ಮಾರಿದರು. ದುಡ್ಡಿಲ್ಲದ ಯುವ ಕಲಾವಿದರ ಕಥೆ ಅದು, ಅಂಥವರೇ ಮುಂದೆ ಕೂರಲಿ ಅನ್ನುವುದು ಉದ್ದೇಶ. ಸಾಮಾನ್ಯವಾಗಿ ಸೋವಿ ಸೀಟು ಅಂದರೆ ಹಿಂದೆ, ಮೇಲೆ, ಮೂಲೆಯಲ್ಲಿ ಅಲ್ವಾ? ಇಲ್ಲಿ ಅದನ್ನು ತಲೆಕೆಳಗು ಮಾಡಿದರು. ನನಗೆ ಇದು ತುಂಬಾ ದೊಡ್ಡ ಕೆಲಸ ಅನ್ನಿಸುತ್ತದೆ. ಜನ ಹಿಂದಿನ ರಾತ್ರಿಯೇ ಬಂದು ಫುಟ್‌ಪಾತಿನ ಮೇಲೆ ಮಲಗತೊಡಗಿದರು. ಆಮೇಲೆ ಸಾಲು ಬಿಟ್ಟು ಲಾಟರಿ ಶುರು ಮಾಡಿದರು. ಹೆಸರು ಬರೆದು ಹಾಕಿ, ಚೀಟಿ ಬಂದವರಿಗೆ ಸೀಟು. 2015ರಲ್ಲಿ 'ಹ್ಯಾಮಿಲ್ಟನ್' ಬಂದಾಗ ಲಾಟರಿಯ ಬೆಲೆ 10 ಡಾಲರ್. ಆ ನಾಟಕದ ನಾಯಕ, ಅಮೆರಿಕ ದೇಶ ಕಟ್ಟಿದವರಲ್ಲಿ ಒಬ್ಬನಾದ ಹ್ಯಾಮಿಲ್ಟನ್ ಚಿತ್ರವೇ ಹತ್ತು ಡಾಲರ್ ನೋಟಿನ ಮೇಲೆ ಇರುವುದು. ಥಿಯೇಟರಿನ ಮುಂದೆ ರಸ್ತೆ ತುಂಬುವಷ್ಟು ಜನ ಸೇರುತ್ತಿದ್ದರು, ಅವರಿಗಾಗಿ ನಟರು ಹೊರಗೆ ಬಂದು ಚಿಕ್ಕದೊಂದು ಹಾಡು, ಆಟ ಆಡುತ್ತಿದ್ದರು. ಕಡೆಗೆ ಅದೂ ಆನ್‌ಲೈನಿಗೆ ಹೋಯಿತು.

ಸಾಲು ಒಳ್ಳೆಯದೋ ಲಾಟರಿ ಒಳ್ಳೆಯದೋ? ನಾನು ಬಹಳ ದಿನ ಸಾಲಿನ ಪರ ಇದ್ದೆ. ಸಾಲಿನಲ್ಲಿ ನಿಂತವರಿಗೆ ಆಸೆ ಇದೆ ಅಂತ ಗೊತ್ತಾಗುತ್ತದೆ, ಮಾತು ನಡೆಯುತ್ತದೆ, ಮುಂದೆ ನಿಂತ ಟೀಚರಿಂದ ನಾಲ್ಕು ವಿಷಯ ತಿಳಿಯುತ್ತದೆ. ಫೋನಿನ ಲಾಟರಿಯಲ್ಲಿ ಅದೇನೂ ಇಲ್ಲ. ಆದರೆ ಎರಡು ಪಾಳಿ ಕೆಲಸ ಮಾಡುವವರಿಗೆ ಲಾಟರಿ ಒಂದೇ ದಾರಿ. ಬಸ್ಸಿನಲ್ಲಿ ಕೂತು ಹೆಸರು ಹಾಕಬಹುದು. ಗೆದ್ದವರು ಒಂದು ಗಂಟೆಯೊಳಗೆ ದುಡ್ಡು ಕಟ್ಟಬೇಕು ಅಂತ ಇರುತ್ತದೆ ಕೆಲವು ಕಡೆ, ಅದು ಕಷ್ಟ. ಆದರೂ ಸಾಲಿಗೆ ಬರಲಾಗದವರನ್ನು ನೆನೆದು ಈಗ ನನ್ನ ಮನಸ್ಸು ಬದಲಾಗಿದೆ. ಎರಡೂ ಇರಬೇಕು. ಬರೀ ಆ್ಯಪ್ ಇಟ್ಟು ಬಾಕ್ಸ್ ಆಫೀಸಿನ ಬೆಳಗಿನ ಸಾಲನ್ನು ತೆಗೆದುಹಾಕುವ ಥಿಯೇಟರುಗಳು ಒಂದು ಗುಂಪಿಗೆ ಬಾಗಿಲು ತೆಗೆದು ಇನ್ನೊಂದು ಗುಂಪಿಗೆ ಮುಚ್ಚುತ್ತಿವೆ.

ನಿಂತು ನೋಡುವವರು

ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ಥೇಮ್ಸ್ ದಂಡೆಯ ಗ್ಲೋಬ್ ಥಿಯೇಟರಿನ ಅಂಗಳದಲ್ಲಿ ನಿಂತು ಒಂದು ನಾಟಕ ನೋಡಿದೆ. ಶೇಕ್ಸ್‌ಪಿಯರನ ಕಾಲದ ಥಿಯೇಟರಿನ ಮಾದರಿಯಲ್ಲಿ ಕಟ್ಟಿ 1997ರಲ್ಲಿ ತೆರೆದ ಜಾಗ ಅದು. ಮಧ್ಯದ ಅಂಗಳಕ್ಕೆ ಸೂರಿಲ್ಲ. ಸುಮಾರು 700 ಜನ ಅಲ್ಲಿ ನಿಲ್ಲಬಹುದು. ಹಳೇ ಗ್ಲೋಬಿನಲ್ಲಿ ಈ ಅಂಗಳಕ್ಕೆ ಒಂದು ಪೆನ್ನಿ. ಹೊಸದರಲ್ಲಿ 5 ಪೌಂಡ್ ಅಂತ ಶುರು ಮಾಡಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಬೆಲೆ ಉಳಿಸಿಕೊಂಡಿದ್ದರು.

ಅವತ್ತು ಜಿನುಗು ಮಳೆ. ಕೊಡೆ ಬಿಚ್ಚುವ ಹಾಗಿಲ್ಲ, ಹಿಂದಿನವರಿಗೆ ಕಾಣುವುದಿಲ್ಲ. ತೆಳ್ಳನೆಯ ಮಳೆ ಅಂಗಿ ಹಾಕಿಕೊಂಡು ವೇದಿಕೆಯ ಅಂಚಿಗೇ ಹೋಗಿ ನಿಂತೆ. ಮೊಣಕೈ ಊರಬಹುದಾದಷ್ಟು ಎತ್ತರ. ನಟನ ಬೂಟು ನನ್ನ ಮೂಗಿನ ಮಟ್ಟಕ್ಕೆ. ಬೂಟಿನ ದಾರ ಒಂದು ಕಡೆ ಹರಿದು ಗಂಟು ಹಾಕಿದ್ದು ಕಾಣುತ್ತಿತ್ತು. ಹುಲ್ಲಿನ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಟದ ಮಧ್ಯೆ ಕೂರುವುದಕ್ಕೂ ಬಿಡುವುದಿಲ್ಲ. ಕಾಲು ನೋವಿಗೆ ಒಬ್ಬಾಕೆ ಕುಕ್ಕರಗಾಲಲ್ಲಿ ಕೂತಾಗ ಸ್ವಯಂಸೇವಕರೊಬ್ಬರು ಮೆತ್ತಗೆ ಬಂದು ಏಳಿಸಿದರು. ಬಾಗಿಲಿನ ಹತ್ತಿರದ ಗೋಡೆಗೆ ಒರಗಲು ಜಾಗ ಮಾಡಿಕೊಟ್ಟರು. ಹಗಲು ಬೆಳಕಿನಲ್ಲೇ ಆಟ, ಹಾಗಾಗಿ ನಟರಿಗೆ ನಮ್ಮ ಮುಖ ಕಾಣುತ್ತದೆ. ಒಬ್ಬ ನಟ ಪ್ರೀತಿಯಲ್ಲಿ ಮೋಸ ಹೋದ ಮಾತನ್ನು ಹೇಳುತ್ತಾ ಹೇಳುತ್ತಾ ಬಗ್ಗಿ, ನನ್ನ ಪಕ್ಕದಲ್ಲಿದ್ದ ಹುಡುಗನನ್ನೇ ನೋಡಿ ಪ್ರಶ್ನೆ ಕೇಳಿಬಿಟ್ಟ. ಹುಡುಗ ಗಂಭೀರವಾಗಿ ತಲೆಯಾಡಿಸಿದ. ಇಡೀ ಅಂಗಳ ನಕ್ಕಿತು. ನಟ ಆ ನಗು ಇಳಿಯುವವರೆಗೂ ಕಾದು ಮುಂದಿನ ಸಾಲು ಹೇಳಿದ. ಗ್ಯಾಲರಿಯಲ್ಲಿ ನಮಗಿಂತ ಎಷ್ಟೋ ಪಾಲು ಹೆಚ್ಚು ಕೊಟ್ಟು, ಒಣಗಿದ ಬಟ್ಟೆಯಲ್ಲಿ, ಮೆತ್ತೆ ಬಾಡಿಗೆಗೆ ಪಡೆದು ಕೂತವರಿದ್ದರು. ಅವರಿಗೆ ಆ ಬೂಟಿನ ಗಂಟು ಕಂಡಿರಲಿಕ್ಕಿಲ್ಲ.

ಇಲ್ಲಿ ನನಗೆ ಹಿಡಿಸಿದ್ದು ಆ ಬೆಲೆಯಲ್ಲಿರುವ ಖಚಿತತೆ. ಅಂಗಳದ ಟಿಕೆಟ್ ಉಳಿದ ಮಾಲಲ್ಲ. ತಿಂಗಳ ಮುಂಚೆಯೇ ಕೊಳ್ಳಬಹುದಿತ್ತು, ಇಷ್ಟೇ ಬೆಲೆ ಅಂತ ಎಲ್ಲರಿಗೂ ಗೊತ್ತಿತ್ತು. ಕೇಳುವುದು ಕಾಲನ್ನು ಮಾತ್ರ. ಮಂಡಿ ನೋವಿರುವವರಿಗೆ, ವಯಸ್ಸಾದವರಿಗೆ ಇದು ಆಗುವುದಿಲ್ಲ, ನಿಜ. ಡಫಿ ಸ್ಕ್ವೇರಿನ ಆ ಟೀಚರಿಗೆ ಇದು ಆಗುತ್ತಿರಲಿಲ್ಲ.

ಯಾವುದರ ಅರ್ಧ?

ಲಂಡನ್ನಿನ ಹಳೇ ಥಿಯೇಟರುಗಳಲ್ಲಿ ಇನ್ನೊಂದು ಬಗೆ ಇದೆ. ಹತ್ತೊಂಬತ್ತನೇ ಶತಮಾನದ ಕಟ್ಟಡಗಳು, ಒಳಗೆ ಕಂಬಗಳು. ಕಂಬದ ಹಿಂದಿನ ಸೀಟು ಸೋವಿ. ತೀರಾ ಮೇಲಿನ ಬಾಲ್ಕನಿಗೆ ಹೋಗುವ ಬಾಗಿಲು ಪಕ್ಕದ ಗಲ್ಲಿಯಲ್ಲಿ ಬೇರೆಯೇ ಇರುತ್ತದೆ. ಕಡಿಮೆ ಕೊಟ್ಟವರು ಮುಂಬಾಗಿಲಿನವರ ಕಣ್ಣಿಗೆ ಬೀಳದಿರಲಿ ಅಂತ ಕಟ್ಟಿದ್ದು. ಆ ಬಾಗಿಲನ್ನು ನೋಡಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಕಂಬದ ಸೀಟಿನ ಬಗ್ಗೆ ಸಿಟ್ಟಿಲ್ಲ. ಏನು ಕಾಣುವುದಿಲ್ಲ ಅಂತ ಮೊದಲೇ ಹೇಳಿ ಬೆಲೆ ಇಳಿಸಿದರೆ ಅದು ನ್ಯಾಯವಾದ ವ್ಯಾಪಾರ. ಕೇಳಿ ಕೊಳ್ಳಿ, ಅಷ್ಟೇ: ವೇದಿಕೆಯ ಯಾವ ಮೂಲೆ ಮರೆಯಾಗುತ್ತದೆ, ಮುಂದಿನ ಕಂಬಿ ಅಡ್ಡ ಬರುತ್ತದಾ?

ನ್ಯಾಯವಲ್ಲದ್ದು ಬೇರೆ ಇದೆ. 2001ರಲ್ಲಿ 'ದಿ ಪ್ರೊಡ್ಯೂಸರ್ಸ್' ಅನ್ನುವ ಬ್ರಾಡ್‌ವೇ ಮ್ಯೂಸಿಕಲ್ಲಿನ ಕೆಲವು ಒಳ್ಳೆಯ ಸೀಟುಗಳಿಗೆ 480 ಡಾಲರ್ ಇಟ್ಟರು. ಕಾಳಸಂತೆಯವರು ಅಷ್ಟಕ್ಕೆ ಮಾರುತ್ತಿದ್ದಾರೆ, ಆ ದುಡ್ಡು ನಾಟಕದವರಿಗೇ ಬರಲಿ ಅನ್ನುವುದು ವಾದ. ಆಮೇಲೆ ಅದು ಎಲ್ಲ ಕಡೆ ಹಬ್ಬಿತು. ಈಗ ಬೇಡಿಕೆ ನೋಡಿಕೊಂಡು ಬೆಲೆ ದಿನದಿನಕ್ಕೂ ಬದಲಾಗುತ್ತದೆ. ಹೀಗಾದಾಗ ಅರ್ಧ ಬೆಲೆ ಅಂದರೆ ಯಾವ ಬೆಲೆಯ ಅರ್ಧ? ಮೊದಲು ಏರಿಸಿ ಆಮೇಲೆ ಇಳಿಸಿದರೆ ಅದು ರಿಯಾಯಿತಿ ಅಲ್ಲವೇ ಅಲ್ಲ. ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ 1980ರಿಂದ ಥಿಯೇಟರಿನವರದ್ದೇ ಅಧಿಕೃತ ರಿಯಾಯಿತಿ ಟಿಕೆಟ್ ಕಟ್ಟೆ ಇದೆ. ಅದರ ಸುತ್ತಮುತ್ತ "ಅರ್ಧ ಬೆಲೆ" ಅಂತ ಬೋರ್ಡ್ ಹಾಕಿದ ಬೇರೆ ಅಂಗಡಿಗಳೂ ಇವೆ. ಟಿಕೆಟಿನ ಮೇಲೆ ಅಚ್ಚಾದ ಬೆಲೆ ಎಷ್ಟು ಅಂತ ಕೇಳದೆ ಎಲ್ಲೂ ದುಡ್ಡು ಕೊಡಬೇಡಿ. ಆನ್‌ಲೈನಿನಲ್ಲಂತೂ ಕೊನೇ ಪುಟದಲ್ಲಿ ಸೇವಾ ಶುಲ್ಕ ಸೇರಿಸಿ, ಉಳಿಸಿದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುವ ಜಾಲತಾಣಗಳಿವೆ. ಒಂದು ಕಡೆ ನನಗೇ ಹಾಗಾಯಿತು. ಅದೇ ಸೀಟು ಬಾಕ್ಸ್ ಆಫೀಸಿಗೆ ನಡೆದು ಹೋದಾಗ ಆ ಶುಲ್ಕ ಇಲ್ಲದೆ ಸಿಕ್ಕಿತು.

ಎಲ್ಲರಿಗೂ ಗೊತ್ತಿರುವ ಬೆಲೆ

ಹಳೇ ಅಥೆನ್ಸಿನಲ್ಲಿ ಬಡವರು ನಾಟಕ ನೋಡಲಿ ಅಂತ ಊರಿನ ಬೊಕ್ಕಸದಿಂದಲೇ ಪ್ರವೇಶದ ದುಡ್ಡು ಕೊಡುತ್ತಿದ್ದರು. ಎರಡು ಒಬೊಲ್ ನಾಣ್ಯ. ಖಾಲಿ ಸೀಟು ತುಂಬಿಸಲು ಅಲ್ಲ. ನಾಟಕ ನೋಡುವುದು ಊರಿನವರ ಪಾಲು ಅನ್ನುವ ಲೆಕ್ಕದಲ್ಲಿ.

ನ್ಯೂಯಾರ್ಕಿನ ನಾಟಕ ನಿರ್ಮಾಪಕ ಜೋಸೆಫ್ ಪ್ಯಾಪ್ ಇದೇ ಮಾತಿಗೆ ಹಟ ಹಿಡಿದವರು. ಸೆಂಟ್ರಲ್ ಪಾರ್ಕಿನಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನು ಪುಕ್ಕಟೆ ತೋರಿಸುತ್ತಿದ್ದರು. 1959ರಲ್ಲಿ ಪಾರ್ಕುಗಳ ಅಧಿಕಾರಿ ರಾಬರ್ಟ್ ಮೋಸಸ್, ಹುಲ್ಲು ಹಾಳಾಗುತ್ತಿದೆ, ಅದರ ಖರ್ಚಿಗೆ ಟಿಕೆಟ್ ಇಡಿ ಅಂದರು. ಮೋಸಸ್ ಅಂದರೆ ಊರೇ ಹೆದರುತ್ತಿದ್ದ ಕಾಲ. ಪ್ಯಾಪ್ ಒಪ್ಪಲಿಲ್ಲ, ಕೋರ್ಟಿಗೆ ಹೋದರು, ಗೆದ್ದರು. 1962ರಲ್ಲಿ ಅದೇ ಪಾರ್ಕಿನಲ್ಲಿ ಡೆಲಕೋರ್ಟ್ ಥಿಯೇಟರ್ ತೆರೆಯಿತು. ಸುಮಾರು 1,800 ಸೀಟು, ಟಿಕೆಟ್ ಪುಕ್ಕಟೆ. ಬೆಳಗಿನ ಜಾವದಿಂದಲೇ ಮರಗಳ ಕೆಳಗೆ ಚಾಪೆ ಹಾಸಿ ಜನ ಸಾಲು ಹಚ್ಚುತ್ತಾರೆ. ಅಲ್ಲೂ ಸಮಯ ಕೇಳುತ್ತಾರೆ, ಅದೂ ಜಾಸ್ತಿಯೇ. ಆದರೆ ಸಾಲಿನಲ್ಲಿ ನಿಂತವರಿಂದ ದುಡ್ಡು ಕೇಳುವುದಿಲ್ಲ.

ನನ್ನ ಮನಸ್ಸಿಗೆ ಇದಕ್ಕಿಂತಲೂ ಹತ್ತಿರವಾದದ್ದು ಲಂಡನ್ನಿನ ನ್ಯಾಷನಲ್ ಥಿಯೇಟರ್ 2003ರಲ್ಲಿ ಮಾಡಿದ್ದು. ನಿಕೋಲಸ್ ಹೈಟ್ನರ್ ನಿರ್ದೇಶಕರಾಗಿ ಬಂದ ವರ್ಷ. ಒಂದು ಕಂಪನಿಯ ನೆರವು ಪಡೆದು, ದೊಡ್ಡ ಸಭಾಂಗಣದ ಮೂರರಲ್ಲಿ ಎರಡು ಪಾಲು ಸೀಟುಗಳನ್ನು 10 ಪೌಂಡಿಗೆ ಇಟ್ಟರು. ಸಾಲಿಲ್ಲ, ಲಾಟರಿ ಇಲ್ಲ, ಮಳೆ ಇಲ್ಲ. ಮಗುವನ್ನು ನೋಡಿಕೊಳ್ಳುವವರನ್ನು ಮುಂಚೆಯೇ ಗೊತ್ತು ಮಾಡಿಕೊಂಡು, ಗೊತ್ತಿರುವ ದಿನಕ್ಕೆ ಗೊತ್ತಿರುವ ಸೀಟು ಕೊಳ್ಳಬಹುದಿತ್ತು. ಕಾವಲಿನವರೂ ಕೊಳ್ಳಬಹುದು, ಟೀಚರೂ ಕೊಳ್ಳಬಹುದು. ಸರ್ಕಾರದ ದುಡ್ಡು, ಪ್ರಾಯೋಜಕರ ದುಡ್ಡು ಇಲ್ಲದೆ ಇದು ನಡೆಯುವುದಿಲ್ಲ ಅಂತ ನನಗೆ ಗೊತ್ತು. ಬ್ರಾಡ್‌ವೇಯ ನಿರ್ಮಾಪಕರು ಹೂಡಿದವರ ದುಡ್ಡು ವಾಪಸ್ ಕೊಡಬೇಕು. ಆದರೂ ಪ್ರತಿ ಆಟಕ್ಕೆ ಐವತ್ತು ಸೀಟನ್ನು ಮೊದಲ ದಿನದಿಂದಲೇ, ದುಬಾರಿ ಟಿಕೆಟ್ ಮಾರುವ ಅದೇ ಪುಟದಲ್ಲಿ, ಕಡಿಮೆ ಬೆಲೆಗೆ ಇಡಬಹುದು. ನೂರಾರು ಡಾಲರಿನ ಸೀಟುಗಳು ಹೇಗೂ ಇವೆ, ಆ ಲೆಕ್ಕ ಅಲ್ಲಿ ಸರಿದೂಗಲಿ.

ಅಷ್ಟರವರೆಗೆ, ಹೋಗಬೇಕೆಂದಿರುವವರಿಗೆ ಇಷ್ಟು ಹೇಳಬಲ್ಲೆ. ನ್ಯೂಯಾರ್ಕಾದರೆ ಜನವರಿ, ಫೆಬ್ರವರಿಯಲ್ಲಿ ಹೋಗಿ. ಹಬ್ಬದ ಗದ್ದಲ ಮುಗಿದು ಥಿಯೇಟರುಗಳು ಖಾಲಿ ಹೊಡೆಯುವ ಕಾಲ, ಒಂದು ಕೊಂಡರೆ ಇನ್ನೊಂದು ಉಚಿತ ಅನ್ನುವ ವಾರಗಳೂ ಆಗಲೇ ಬರುತ್ತವೆ. ಶನಿವಾರ ಬಿಡಿ, ಮಂಗಳವಾರ, ಬುಧವಾರ ನೋಡಿ. ಬೆಳಿಗ್ಗೆ ಬಾಕ್ಸ್ ಆಫೀಸ್ ತೆರೆಯುವ ಹೊತ್ತಿಗೆ ಹೋಗಿ ರಷ್ ಟಿಕೆಟ್ (ಅವತ್ತಿನ ಆಟಕ್ಕೆ ಕಡಿಮೆ ಬೆಲೆಗೆ ಕೊಡುವ ಟಿಕೆಟ್) ಇದೆಯಾ ಅಂತ ಕೇಳಿ, ವಿದ್ಯಾರ್ಥಿಯಾದರೆ ಗುರುತಿನ ಚೀಟಿ ಜೇಬಿನಲ್ಲಿರಲಿ. ಅಲ್ಲೇ ನೆಲೆಸಿರುವ ಶಿಕ್ಷಕರು, ನಿವೃತ್ತರು ಮೊದಲು ಟಿ.ಕೆ.ಟಿ.ಎಸ್. ನಡೆಸುವ ಸಂಸ್ಥೆಯ ಸದಸ್ಯತ್ವ ಮಾಡಿಸಿಕೊಳ್ಳಿ. ಲಂಡನ್ನಾದರೆ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ನ್ಯಾಷನಲ್ ಥಿಯೇಟರ್ ಮುಂದಿನ ವಾರದ ಆಟಗಳಿಗೆ 10 ಪೌಂಡಿನ ಟಿಕೆಟ್ ಬಿಡುತ್ತದೆ. ಗ್ಲೋಬಿಗೆ ಹೋಗುವವರು ಒಳ್ಳೆಯ ಚಪ್ಪಲಿ ಹಾಕಿಕೊಂಡು, ಆಟಕ್ಕೆ ಅರ್ಧ ಗಂಟೆ ಮುಂಚೆ ಹೋಗಿ ವೇದಿಕೆಯ ಅಂಚು ಹಿಡಿಯಿರಿ.